ಲಾಳ ನಿಲ್ಲದ ಗೊರಸು

ಹೋದ ತಿಂಗಳು ಕನಕಪುರ ರಸ್ತೆಯ ಒಂದು ಕುದುರೆ ಸವಾರಿ ಶಾಲೆಯಿಂದ ನನಗೆ ಫೋನ್ ಬಂತು. ಈಗಷ್ಟೇ ಓದು ಮುಗಿಸಿ ಪಶುವೈದ್ಯೆಯಾದ ಹುಡುಗಿ. "ಮೇಡಂ, ಇಲ್ಲೊಂದು ಕುದುರೆಗೆ ಲಾಳ ತೆಗೆಸಿ ಬರಿಗಾಲಲ್ಲಿ ಬಿಟ್ಟಿದ್ದಾರೆ. ಕಲ್ಲು ಕಂಡರೆ ಕಾಲೇ ಊರೋದಿಲ್ಲ. ನೋವಿಗೆ ಏನು ಕೊಡಲಿ?" ಅಂದಳು. "ಕಾಲು ಎತ್ತಿ ನೋಡಿದೆಯಾ?" ಅಂದೆ. "ಎಕ್ಸ್‌ರೇ ನೋಡಿದೆ ಮೇಡಂ" ಅಂದಳು. "ಕುಂಟುತ್ತಿರೋದು ಎಕ್ಸ್‌ರೇನೋ ಕುದುರೇನೋ?" ಅಂದುಬಿಟ್ಟೆ.

ಫೋನಿನಲ್ಲಿ ನಾನು ಬೈಯುತ್ತೇನೆ. ಅದು ನನ್ನ ಹಳೆಯ ಕಾಯಿಲೆ, ನಿವೃತ್ತಿಯಾದರೂ ವಾಸಿಯಾಗಿಲ್ಲ. ಬರೆಯಲು ಕೂತರೆ ಸ್ವಲ್ಪ ಮೆತ್ತಗಾಗುತ್ತೇನೆ ಎಂದು ಮನೆಯವರು ಹೇಳುತ್ತಾರೆ. ಆದ್ದರಿಂದ ಆ ಹುಡುಗಿಗೂ, ಅವಳಂತೆ ಹೊಸದಾಗಿ ಕೆಲಸಕ್ಕೆ ಸೇರುವವರಿಗೂ ಇದನ್ನು ಬರೆಯುತ್ತಿದ್ದೇನೆ. ನಾನು ಎಲ್ಲೆಲ್ಲಿಗೆ ವರ್ಗವಾದೆ, ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾವ ಪ್ರಾಣಿಗೂ ಉಪಯೋಗವಿಲ್ಲ.

ನಾನು ಚನ್ನಪಟ್ಟಣದ ಕಡೆ ಕೆಲಸಕ್ಕೆ ಬಂದಾಗ ರೇಷ್ಮೆಗೆ ಸುಗ್ಗಿ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಹೋದ ವರ್ಷ ಹುಲ್ಲು ಹೊದಿಸಿದ್ದ ಮನೆಗೆ ಈ ವರ್ಷ ಹೆಂಚು ಬಂದಿರುತ್ತಿತ್ತು. ಯಾರನ್ನು ಮಾತನಾಡಿಸಿದರೂ ಮೊದಲು ಹುಳದ ಕ್ಷೇಮ ವಿಚಾರಿಸಬೇಕು, ಆಮೇಲೆ ಮಕ್ಕಳದ್ದು. ರಾಮನಗರದ ಗೂಡಿನ ಮಾರುಕಟ್ಟೆಯ ಮುಂದೆ ಬೆಳಗ್ಗೆ ಎತ್ತಿನ ಗಾಡಿ, ಜಟಕಾ, ತಲೆಹೊರೆ, ಸೈಕಲ್ಲು ಎಲ್ಲ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಗೂಡು ನಜ್ಜುಗುಜ್ಜಾದರೆ ಬೆಲೆ ಬರುವುದಿಲ್ಲ. ಬಸ್ಸಿನ ಮೇಲೆ ಹಾಕಿದರೆ ಅದರ ಮೇಲೆ ಇನ್ನೊಬ್ಬರ ಅಕ್ಕಿ ಮೂಟೆ ಬೀಳುತ್ತದೆ. ಹಾಗಾಗಿ ಜಟಕಾದವರಿಗೆ ಆಗ ಒಳ್ಳೆಯ ಕಾಲ.

ಹೆಂಗಸು ದನದ ಡಾಕ್ಟರಾಗಿ ಬಂದಿದ್ದಾಳೆ ಎಂಬುದನ್ನು ನಂಬಲು ಜನಕ್ಕೆ ಸ್ವಲ್ಪ ಕಾಲ ಬೇಕಾಯಿತು. ಆಸ್ಪತ್ರೆಗೆ ಬಂದವರು ನನ್ನನ್ನೇ "ಡಾಕ್ಟ್ರು ಎಲ್ಲೋದ್ರವ್ವಾ?" ಎಂದು ಕೇಳುತ್ತಿದ್ದರು. "ಒಳಗವ್ರೆ, ಬನ್ನಿ" ಎಂದು ಕರೆದುಕೊಂಡು ಹೋಗಿ ನಾನೇ ಕುರ್ಚಿಯಲ್ಲಿ ಕೂರುತ್ತಿದ್ದೆ. ಮೊದಲ ಎಮ್ಮೆಯ ಹೆರಿಗೆ ಮಾಡಿಸಿದ ಮೇಲೆ ಆ ಪ್ರಶ್ನೆ ನಿಂತಿತು. ಮೇಲಧಿಕಾರಿಗಳು ಸಜ್ಜನರು. ಒಂದು ದಿನವೂ ನನ್ನ ಮೇಲೆ ದನಿ ಎತ್ತಿದವರಲ್ಲ. ಆದರೆ ಅವರ ಪಾಲಿಗೆ ಪ್ರಾಣಿ ಎಂದರೆ ಹಾಲು ಕರೆಯುವಂಥದ್ದು. "ಕುದುರೆ ನಮ್ಮ ಲೆಕ್ಕಕ್ಕೆ ಬರಲ್ಲಮ್ಮ, ಹಸುಗಳ ಗುರಿ ಮುಟ್ಟಿಸಿ" ಎನ್ನುತ್ತಿದ್ದರು.

ರೇಷ್ಮೆ ಸೀಮೆಯ ಪ್ರಾಣಿಗಳಿಗೆ ಬರುವ ತೊಂದರೆಗಳೇ ಬೇರೆ. ರಾಮನಗರದಲ್ಲಿ ನೂಲು ಬಿಚ್ಚಾಣಿಕೆ ಮಾಡುವ ಸಾಬರೊಬ್ಬರು ಕೋಳಿ ಬುಟ್ಟಿಯನ್ನೇ ಹೊತ್ತು ತಂದು, "ಇದರ ಮೊಟ್ಟೆ ನಾತ ಹೊಡೀತದೆ, ಒಂದು ಇಂಜಕ್ಷನ್ ಕೊಡಿ" ಎಂದು ಕೂತರು. ನೋಡಿದರೆ ಕೋಳಿಗಳು ಗುಂಡು ಗುಂಡಾಗಿವೆ. ಬೇಯಿಸಿದ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಹುಳವನ್ನೇ ಅವಕ್ಕೆ ಮೂರು ಹೊತ್ತೂ ಹಾಕಿದ್ದಾರೆ. "ಕೋಳಿಗಲ್ಲ ಸಾಬರೇ, ಇಂಜಕ್ಷನ್ ನಿಮಗೆ ಕೊಡಬೇಕು" ಎಂದೆ. ಅವರೂ ನಕ್ಕರು. ಮುಂದಿನ ವಾರ ಮೊಟ್ಟೆಯನ್ನೇ ತಂದುಕೊಟ್ಟು, ಮೂಸಿ ನೋಡಿ ಎಂದು ನಿಂತರು. ಮೂಸಿ ನೋಡಿದೆ. ಈ ಕೆಲಸದಲ್ಲಿ ಮೂಗಿಗೂ ಸಂಬಳ ಕೊಡಬೇಕು.

ಇನ್ನು ಮುನ್ನಿಯ ವಿಷಯ.

ಹೊಂಗನೂರಿನಿಂದಾಚೆಯ ಒಂದು ಹಳ್ಳಿಯಲ್ಲಿ ಬೋರಯ್ಯ ಮತ್ತು ಸಾಕಮ್ಮ ಎಂಬ ಗಂಡ ಹೆಂಡತಿ ಇದ್ದರು. ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆ ತುಂಬ ಹುಳ, ಜೊತೆಗೆ ಒಂದು ಜಟಕಾ. ಊರಿನವರ ಗೂಡನ್ನೆಲ್ಲ ಮಾರುಕಟ್ಟೆಗೆ ಸಾಗಿಸುತ್ತಿದ್ದವನು ಬೋರಯ್ಯನೇ. ಚನ್ನಪಟ್ಟಣದ ಜಟಕಾ ಸಾಬರೊಬ್ಬರು ಆಟೋ ಕೊಂಡಾಗ ಅವರ ಕುದುರೆ ಈ ಮನೆಗೆ ಬಂದಿತ್ತು. ಕಂದು ಬಣ್ಣದ ಹೆಣ್ಣು ಕುದುರೆ. ಸಾಬರ ಮನೆಯಲ್ಲಿ ಮುನ್ನಿ ಎಂದು ಕರೆಯುತ್ತಿದ್ದರು. ಬೇರೆ ಹೆಸರಿಡೋಣ ಎಂದು ಬೋರಯ್ಯ ಹೇಳಿದಾಗ ಸಾಕಮ್ಮ ಒಪ್ಪಲಿಲ್ಲವಂತೆ. "ತವರು ಬುಟ್ಟು ಬಂದವಳ ಹೆಸ್ರೂ ಕಿತ್ಕೊಳ್ಳೋದಾ?" ಎಂದಳಂತೆ. ಬೋರಯ್ಯ ಮಾತು ಕಡಿಮೆಯ ಮನುಷ್ಯ. ಸಾಕಮ್ಮ ಮನುಷ್ಯರ ಜೊತೆ ಎಷ್ಟು ಮಾತನಾಡುತ್ತಿದ್ದಳೋ ಮುನ್ನಿಯ ಜೊತೆ ಅದಕ್ಕಿಂತ ಹೆಚ್ಚು. ಬೆಳಗ್ಗೆ ತೋಟದಿಂದ ಸೊಪ್ಪು ತಂದರೆ ಮೊದಲ ಹಿಡಿ ಮುನ್ನಿಗೆ, ಆಮೇಲೆ ಹುಳಕ್ಕೆ.

ಮೊದಲ ಸಲ ಬೋರಯ್ಯ ಕುದುರೆಯನ್ನು ಹಿಡಿದುಕೊಂಡು ಬಂದಾಗ ಜೊತೆಯಲ್ಲಿ ಬಾಷಾ ಸಾಬರೂ ಇದ್ದರು. ಅವರು ಚನ್ನಪಟ್ಟಣ ರೈಲು ನಿಲ್ದಾಣದ ಹತ್ತಿರ ಹುಣಸೇಮರದ ಕೆಳಗೆ ಲಾಳ ಕಟ್ಟುತ್ತಿದ್ದವರು. ಮುಖ ಸಿಂಡರಿಸಿಕೊಂಡಿದ್ದರು.

"ಡಾಕ್ಟರಮ್ಮ, ನೀವೇ ಇವರಿಗೆ ಹೇಳಿ. ಮೊಳೆ ಹೊಡೆದರೆ ಗೊರಸು ಹಪ್ಪಳದ ಹಂಗೆ ಸೀಳ್ತದೆ. ಲಾಳ ಕಟ್ಟಿ ಊರು ದಾಟೋದರೊಳಗೆ ಬಿದ್ದೋಗ್ತದೆ. ಇನ್ನು ನಾನು ಹೊಡೆಯಲ್ಲ."

ಬೋರಯ್ಯ ನೆಲ ನೋಡುತ್ತ, "ಲಾಳ ಇಲ್ದೆ ಗಾಡಿ ಹೆಂಗೆ ಕಟ್ಲಿ ಡಾಕ್ಟ್ರಮ್ಮ?" ಎಂದ.

ನಾನು ನಾಲ್ಕೂ ಕಾಲು ಎತ್ತಿ ನೋಡಿದೆ. ಹುಡುಗರೇ, ಇದನ್ನು ಕೇಳಿಸಿಕೊಳ್ಳಿ. ಕುದುರೆಯ ಕಾಲು ನೋವು ಎಂದರೆ ಮೊದಲು ಅಂಗೈಯನ್ನು ಗೊರಸಿನ ಮೇಲಿಟ್ಟು ಬಿಸಿ ನೋಡಬೇಕು. ಎರಡೂ ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ, ಅದರ ಕಿವಿ ಏನು ಹೇಳುತ್ತದೆ ಎಂದು ನೋಡಬೇಕು. ಆಮೇಲೆ ಮಣ್ಣಿನ ಮೇಲೆ ನಡೆಸಬೇಕು, ಕಲ್ಲಿನ ಮೇಲೆ ನಡೆಸಬೇಕು, ಎರಡಕ್ಕೂ ವ್ಯತ್ಯಾಸ ಕಾಣಬೇಕು. ಮುನ್ನಿಯ ಗೊರಸಿನ ಗೋಡೆ ಬಿಸಿಲಿಗೆ ಬಿರಿದ ಹಲಗೆಯಂತೆ ಉದ್ದಕ್ಕೂ ಸೀಳಿತ್ತು. ಅಂಗಾಲಿನ ನಡುವೆ ಮೆತ್ತಗೆ ರಬ್ಬರಿನಂತೆ ಇರಬೇಕಾದ ಭಾಗ ಸುಕ್ಕುಗಟ್ಟಿ ಒಣಗಿತ್ತು. ಹಿಮ್ಮಡಿಯ ಚರ್ಮ ಕೆಂಪಾಗಿ ಸುಲಿದಿತ್ತು. ಹೆಬ್ಬೆರಳು ತಾಗಿಸಿದ ಕೂಡಲೇ ಕಾಲು ಕಿತ್ತುಕೊಂಡಿತು. ಎರಡೂ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದು ರಸ್ತೆಯ ಧೂಳಿಗೆ ಎಂದುಕೊಂಡೆ.

ಧೂಳು ಇತ್ತು, ಸುಳ್ಳಲ್ಲ. ಆಗ ಹೊಂಗನೂರಿನ ರಸ್ತೆಗೆ ಜಲ್ಲಿ ಹಾಸುತ್ತಿದ್ದರು. ಟಾರು ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಚೂಪು ಜಲ್ಲಿ ಮಾತ್ರ ಬಿದ್ದಿತ್ತು. ಮನುಷ್ಯರೇ ಚಪ್ಪಲಿ ಹಾಕಿಕೊಂಡು ಶಾಪ ಹಾಕುತ್ತ ನಡೆಯುತ್ತಿದ್ದರು. ಲಾಳವಿಲ್ಲದ ಕುದುರೆಯ ಗತಿ ಕೇಳಬೇಕೆ? ನಾನು, ಬಾಷಾ ಸಾಬರು, ಬೋರಯ್ಯ ಮೂವರೂ ಆ ರಸ್ತೆಯನ್ನೇ ಬೈದೆವು.

ಲಾಳ ನಿಲ್ಲದಿದ್ದರೆ ಬರಿಗಾಲನ್ನೇ ಕಾಪಾಡಬೇಕು. ಬಾಷಾ ಸಾಬರು ಸೀಳಿದ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರು. ಅಂಗಾಲನ್ನು ಕೆತ್ತಬೇಡಿ ಎಂದೆ, ಕೆತ್ತಲಿಲ್ಲ. ಎಷ್ಟೋ ಜನ ಅಲ್ಲೇ ತಪ್ಪು ಮಾಡುತ್ತಾರೆ, ನೋವಿರುವ ಅಂಗಾಲನ್ನು ಚೊಕ್ಕ ಮಾಡುತ್ತೇವೆಂದು ಕೆತ್ತಿ ಇನ್ನೂ ತೆಳ್ಳಗೆ ಮಾಡಿಬಿಡುತ್ತಾರೆ. ಲಾರಿಯ ಹಳೆಯ ಟ್ಯೂಬ್ ಕತ್ತರಿಸಿ, ಒಳಗೆ ಗೋಣಿ ಮಡಿಸಿಟ್ಟು, ಹೊರಗೆ ನಡೆಸುವಾಗ ಹಾಕಲು ನಾಲ್ಕು ಬೂಟು ಹೊಲಿಸಿದೆವು. ಗೊರಸಿಗೆ ಹರಳೆಣ್ಣೆ ಸವರಿ, ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ಮಣ್ಣಿನ ಮೇಲೆ ಕಟ್ಟಿಸಿದೆ. ಕೆಲವೇ ದಿನದಲ್ಲಿ ಮುನ್ನಿ ನಾಲ್ಕೂ ಕಾಲಿನ ಮೇಲೆ ಭಾರ ಬಿಟ್ಟು ನಿಂತಿತು. ಕಣ್ಣಿನ ನೀರೂ ನಿಂತಿತು. ನನಗೆ ಬಹಳ ಖುಷಿಯಾಯಿತು. ಮನೆಗೆ ಕರೆದುಕೊಂಡು ಹೋಗಿ, ಗಾಡಿ ಮಾತ್ರ ಕಟ್ಟಬೇಡಿ ಎಂದು ಕಳಿಸಿದೆ.

ಮುಂದಿನ ವಾರ ಬಂದಾಗ ಮೊದಲಿಗಿಂತ ಕಡೆ.

"ಗಾಡಿ ಕಟ್ಟಿದ್ರಾ?" ಎಂದು ಗದರಿದೆ.

"ಇಲ್ಲ ಡಾಕ್ಟ್ರಮ್ಮ."

"ಕಟ್ಟದೇ ಇದ್ದರೆ ಹೇಗೆ ಹೀಗಾಯಿತು?"

ನನಗೆ ನಂಬಿಕೆ ಬರಲಿಲ್ಲ. ಮತ್ತೆ ಹೊಂಗೆಮರದ ಕೆಳಗೆ ಕಟ್ಟಿಸಿದೆ, ಮತ್ತೆ ಸುಧಾರಿಸಿತು, ಮನೆಗೆ ಹೋಯಿತು, ಮತ್ತೆ ಹಾಳಾಯಿತು. ಮೂರನೇ ಸಲ ಹೀಗಾದಾಗ ಸಾಕಮ್ಮನೇ ಆಸ್ಪತ್ರೆಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಡಾಕ್ಟ್ರಮ್ಮ, ನಮ್ಮೋರು ಸುಳ್ಳು ಹೇಳಾಕಿಲ್ಲ. ಊರ ಗೂಡೆಲ್ಲ ಈಗ ಆಟೋದಾಗೆ ಹೋಯ್ತಾ ಐತೆ. ನಮ್ ಗಾಡಿ ಮೂಕಿ ಮ್ಯಾಲೆ ಕೋಳಿ ಕೂತವೆ. ನೀವು ಬಂದು ನೋಡಿ ಬೇಕಾದ್ರೆ."

ಮಾರನೆಯ ದಿನವೇ ಹೋದೆ. ಆದರೆ ಬಾಗಿಲಲ್ಲಿ ಅದೇ ಸಾಕಮ್ಮ ಎರಡೂ ಕೈ ಅಡ್ಡ ಹಿಡಿದಳು.

"ಒಳಕ್ಕೆ ಬ್ಯಾಡಿ ಡಾಕ್ಟ್ರಮ್ಮ. ಹುಳ ಜ್ವರಕ್ಕೆ ಕೂತವೆ. ಬೇಜಾರ್ ಮಾಡ್ಕಬ್ಯಾಡಿ. ಮುನ್ನೀನ ಈಚ್ಕೆ ಹಿಡ್ಕಂಡ್ ಬತ್ತೀನಿ."

ಈ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನಿಂದ ಬರುವ ಎಳೆಯರಿಗೆ ಹೇಳುತ್ತೇನೆ. ರೇಷ್ಮೆ ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ಸುಮ್ಮನೆ ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗಂತೂ ಸರಿಯೇ ಸರಿ, ಬೇರೆ ಸಮಯದಲ್ಲೂ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ದೃಷ್ಟಿಯಾಗುತ್ತದೆ ಎನ್ನುವವರು ಕೆಲವರು, ರೋಗ ಬರುತ್ತದೆ ಎನ್ನುವವರು ಕೆಲವರು. ನನ್ನ ಮೈಯಿಂದ ಫಿನೈಲು, ಸ್ಪಿರಿಟ್ಟು, ಹತ್ತು ಹಟ್ಟಿಯ ಸಗಣಿ ಎಲ್ಲ ನಾರುತ್ತಿತ್ತು. ಸಾಕಮ್ಮನ ಜಾಗದಲ್ಲಿ ನಾನಿದ್ದರೂ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಮನೆಯ ನಡುವೆ ಹುಳದ ತಟ್ಟೆಗಳು, ಅದೇ ಸೂರಿನ ಹಿಂಭಾಗದಲ್ಲಿ ತಡಿಕೆ ಕಟ್ಟಿ ಮಾಡಿದ ಕುದುರೆ ಲಾಯ. ಹಿತ್ತಲಿಗೆ ಹೋಗಲು ಬೇರೆ ದಾರಿಯಿಲ್ಲ. ಹಾಗಾಗಿ ನಾನು ಎಷ್ಟು ಸಲ ಹೋದರೂ ಮುನ್ನಿಯೇ ಹುಳದ ತಟ್ಟೆಗಳ ಪಕ್ಕದ ಓಣಿಯಲ್ಲಿ ಕುಂಟುತ್ತ ಹೊರಗೆ ಬರುತ್ತಿತ್ತು. ಬೀದಿಯ ಬೇವಿನ ಮರದ ಕೆಳಗೆ ನೋಡಿ ಬರುತ್ತಿದ್ದೆ. ಸುಗ್ಗಿಯ ಕಾಲವಾದ್ದರಿಂದ ಒಂದು ಬೆಳೆ ಗೂಡಾಗುವ ಮೊದಲೇ ಅವರು ಇನ್ನೊಂದು ಬೆಳೆಯ ಮರಿಹುಳ ತಂದಿರುತ್ತಿದ್ದರು. ಹುಳವಿಲ್ಲದ ದಿನವೇ ಆ ಮನೆಯಲ್ಲಿ ಇರಲಿಲ್ಲ.

ಒಂದು ದಿನ ಮೇಲಧಿಕಾರಿಗಳು ನನ್ನ ಜೊತೆ ಜೀಪಿನಲ್ಲಿ ಬಂದಿದ್ದರು. ಅವತ್ತು ಮುನ್ನಿ ಬೇವಿನ ಮರದ ಕೆಳಗೆ ಮಲಗಿಬಿಟ್ಟಿತ್ತು. ಎಬ್ಬಿಸಿದರೆ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕುತ್ತಿತ್ತು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇದಕ್ಕೆ ಇಷ್ಟು ಹಿಂಸೆ ಕೊಡಬಾರದಮ್ಮ. ಸೂಜಿ ಕೊಟ್ಟು ಮಲಗಿಸಿಬಿಡಿ. ಅದೂ ನಮ್ಮ ಕೆಲಸವೇ" ಎಂದರು.

ಬೋರಯ್ಯ ಕೇಳಿಸಿಕೊಂಡ. ನಾನು ಜೀಪು ಹತ್ತುವಾಗ ಹತ್ತಿರ ಬಂದು ಮೆಲ್ಲಗೆ, "ಡಾಕ್ಟ್ರಮ್ಮ, ಉಳೀತದಾ ಇಲ್ವಾ, ಒಂದು ಮಾತು ಹೇಳ್ಬುಡಿ. ಉಳಿಯಾಕಿಲ್ಲ ಅಂದ್ರೆ ಒಂದು ಸೂಜಿ ಹಾಕ್ಬುಡಿ. ದಿನಾ ನೋಡಕ್ಕಾಗಾಕಿಲ್ಲ ನಂಗೆ" ಎಂದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನನ್ನು ಸುಮ್ಮನೆ ಗದರಿದ್ದು ನೆನಪಾಯಿತು.

ಸಾಕಮ್ಮ ಬಾಗಿಲಿನಿಂದಲೇ ಕೂಗಿದಳು. "ನಾ ಇರೋಗಂಟ ಯಾರೂ ಸೂಜಿ ಹಾಕಂಗಿಲ್ಲ."

"ಲೇ ಸಾಕಿ, ಅದು ಮಲಗಿದ್ರೆ ಏಳಾಕಿಲ್ಲ, ಎದ್ರೆ ಮಲಗಾಕಿಲ್ಲ. ನಿನ್ ಆಸೆಗೆ ಅದು ಎಷ್ಟು ದಿನ ಸಾಯ್ಬೇಕು?"

ಅವಳು ಬಾಗಿಲಿಗೆ ಒರಗಿ ಮುನ್ನಿಯನ್ನೇ ನೋಡಿದಳು. ಕೊನೆಗೆ, "ಈ ಬೆಳೆ ಗೂಡಾಗ್ಲಿ. ಅಲ್ಲೀಗಂಟ ಟೇಮ್ ಕೊಡಿ. ಆಮ್ಯಾಕೆ ನೀವ್ ಹೇಳ್ದಂಗೆ" ಎಂದಳು. ಬೋರಯ್ಯ ನನ್ನ ಮುಖ ನೋಡಿದ. ನಾನು ಒಪ್ಪಿದೆ. ಅಂದರೆ ಹುಳ ಹಣ್ಣಾಗಿ ಗೂಡು ಕಟ್ಟಿ ಮಾರಾಟವಾಗುವವರೆಗೆ ಮುನ್ನಿಗೆ ಆಯುಸ್ಸು.

ಆ ದಿನಗಳಲ್ಲಿ ಸಾಕಮ್ಮ ಮಾಡದ ಸೇವೆಯಿಲ್ಲ. ಹರಳೆಣ್ಣೆ ಸವರುವುದೇನು, ಗೋಣಿ ಬದಲಾಯಿಸುವುದೇನು, ನೀರು ಕಾಯಿಸಿ ಮೈ ತೊಳೆಯುವುದೇನು. ನಾನು ಹೇಳಿದ್ದನ್ನೆಲ್ಲ ಮಾಡಿದಳು. ಆದರೂ ಮುನ್ನಿ ಇಳಿಯುತ್ತಲೇ ಹೋಯಿತು. ಬಾಷಾ ಸಾಬರು ಕರೆಯದಿದ್ದರೂ ಸೈಕಲ್ಲಿನಲ್ಲಿ ಬಂದು ಅಂಚು ಉಜ್ಜಿ ಹೋಗುತ್ತಿದ್ದರು. "ಖುದಾ ಏನಾದರೂ ದಾರಿ ತೋರಿಸಲಿ ಅಮ್ಮ" ಎನ್ನುತ್ತಿದ್ದರು. ನನಗೆ ದಾರಿ ಕಾಣುತ್ತಿರಲಿಲ್ಲ. ಬುಕ್ಕುಗಳನ್ನು ತಿರುವಿದೆ, ಬೆಂಗಳೂರಿನ ಕಾಲೇಜಿಗೆ ಹೋಗಿ ನನ್ನ ಮೇಷ್ಟರನ್ನು ಕೇಳಿದೆ. ಅವರು ಕುದುರೆಯ ಮೇವು, ದುಡಿಮೆ, ವಯಸ್ಸು ಎಲ್ಲ ವಿಚಾರಿಸಿದರು. ಅವರಿಗೂ ಹೊಳೆಯಲಿಲ್ಲ.

ಗೂಡು ಬಿಡಿಸಿ ಮಾರಿಬಂದ ಮಾರನೆಯ ದಿನ ಬೋರಯ್ಯ ಹೇಳಿಕಳಿಸಿದ. ಚೀಲದಲ್ಲಿ ಔಷಧಿ ಇಟ್ಟುಕೊಂಡು ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಏನು ಕಂಡಿತೋ ಒಂದೂ ನೆನಪಿಲ್ಲ. ಪ್ರಾಣಿಯನ್ನು ಉಳಿಸಲು ಓದಿ ಬಂದವಳು ಈ ಚೀಲ ಹಿಡಿದು ಹೋಗುವ ದಿನ ಎಲ್ಲರಿಗೂ ಬರುತ್ತದೆ, ನಿಮಗೂ ಬರುತ್ತದೆ. ಅಳು ಬಂದರೆ ಅಳಿ. ನಾನೂ ಅತ್ತಿದ್ದೇನೆ, ಕಂಡಕ್ಟರು ಟಿಕೆಟ್ಟಿನ ದುಡ್ಡು ಕೇಳದೆ ಮುಂದೆ ಹೋದ.

ಮನೆ ಬಾಗಿಲಿಗೆ ಹೋದಾಗ ಸಾಕಮ್ಮ ಹೊಸ್ತಿಲ ಪಕ್ಕಕ್ಕೆ ಸರಿದು ನಿಂತಳು.

"ಇವತ್ತು ಒಳಕ್ಕೆ ಬನ್ನಿ ಡಾಕ್ಟ್ರಮ್ಮ. ಹುಳ ಇಲ್ಲ, ಈ ಸಲ ಮರಿ ತರ್ನಿಲ್ಲ. ಮುನ್ನೀಗೆ ಹೊರಕ್ಕೆ ನಡ್ಯಕಾಗಾಕಿಲ್ಲ, ಒಳಗೇ ಆಗೋಗ್ಲಿ. ಬೀದೀಲಿ ನಾಲ್ಕು ಜನದ ಮುಂದೆ ಬ್ಯಾಡ."

ಅಷ್ಟು ದಿನದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದೆ. ಖಾಲಿ ತಟ್ಟೆಗಳನ್ನು ಗೋಡೆಗೆ ಒರಗಿಸಿದ್ದರು. ಅಬ್ಬಾ, ಏನು ಚೊಕ್ಕ ಮನೆ. ಹಿಂದಕ್ಕೆ ಹೋಗುತ್ತಿದ್ದಂತೆ ನನ್ನ ಕಣ್ಣು ಉರಿಯಿತು, ಮೂಗಿನೊಳಗೆ ಏನೋ ಚುಚ್ಚಿದಂತಾಯಿತು. ತಡಿಕೆ ಸರಿಸಿದೆ. ಲಾಯದ ನೆಲ ಪೂರ್ತಿ ಬಿಳಿ. ರಂಗೋಲಿ ಪುಡಿ ಚೆಲ್ಲಿದ ಹಾಗೆ ಗೋಡೆಯಿಂದ ಗೋಡೆಗೆ ದಪ್ಪನಾಗಿ ಸುಣ್ಣದ ಪುಡಿ, ಅದರ ಮೇಲೆ ಬ್ಲೀಚಿಂಗ್ ಪುಡಿ. ಮುನ್ನಿ ಗಂಜಳ ಹೊಯ್ದ ಕಡೆ ಅದು ನೆನೆದು ಗಂಜಿಯಾಗಿತ್ತು. ಆ ಗಂಜಿಯಲ್ಲಿ ಬರಿಗಾಲನ್ನು ಊರಿಕೊಂಡು ಮುನ್ನಿ ನಿಂತಿತ್ತು. ಹಣೆಗೆ ಸಾಕಮ್ಮ ಕುಂಕುಮ ಇಟ್ಟಿದ್ದಳು.

"ಇದೇನು ಸಾಕಮ್ಮ, ಈ ನೆಲ?"

"ದಿನಾ ಎರಡೊತ್ತು ಹಾಕ್ತೀನಿ ಡಾಕ್ಟ್ರಮ್ಮ. ಒಂದ್ ದಪಾನೂ ತಪ್ಪಿಸಾಕಿಲ್ಲ." ಅವಳ ದನಿಯಲ್ಲಿ ಹೆಮ್ಮೆಯಿತ್ತು. "ಅದ್ಯಾವ್ದೋ ವರ್ಷ ಹಾಲುತೊಂಡೆ ರೋಗ ಬಂದು ಹುಳ ಎಲ್ಲ ತಿಪ್ಪೆಗೆ ಸುರ್ದಿದ್ದೊ. ಆವಾಗ ರೇಷ್ಮೆ ಇಲಾಖೆ ಮೇಷ್ಟ್ರು ಹೇಳ್ಕೊಟ್ರು, ಸುಣ್ಣ, ಬಿಳೀ ಪುಡಿ ಬುಟ್ರೆ ರೋಗ ಹತ್ರಕ್ಕೇ ಬರಾಕಿಲ್ಲ ಅಂತ. ಅಲ್ಲಿಂದ ಒಂದು ಬೆಳೆ ಹೋಗಿಲ್ಲ. ಹುಳಕ್ಕೇ ಅಷ್ಟು ಒಳ್ಳೇದಾದ್ರೆ ಕುದ್ರೆಗೂ ಒಳ್ಳೇದಲ್ವಾ? ಕಾಲು ನೋವು ಬಂದ್ಮ್ಯಾಲೆ ಇನ್ನೊಂದ್ ಒಸಿ ಜಾಸ್ತೀನೇ ಹಾಕ್ದೆ."

ನಾನು ಚೀಲವನ್ನು ಗೂಟಕ್ಕೆ ನೇತುಹಾಕಿ ಮುನ್ನಿಯ ಕಾಲು ಎತ್ತಿದೆ. ಸೀಳುಗಳ ಒಳಗೆಲ್ಲ ಬಿಳಿ ಪುಡಿ ಕೂತಿತ್ತು. ನಾವು ಎಷ್ಟೇ ಎಣ್ಣೆ ಸವರಿದರೂ ಆ ನೆಲ ಹೀರಿಕೊಳ್ಳುತ್ತಿತ್ತು. ಆಸ್ಪತ್ರೆಗೆ ಬರುವ ದಾರಿಯ ಧೂಳು ಅದರ ಮೇಲೆ ಮೆತ್ತಿ ಬಿಳಿಯನ್ನು ಮುಚ್ಚುತ್ತಿತ್ತು. ನಾನು ಮನೆಗೆ ಹೋದಾಗ ಸಾಕಮ್ಮ ಕಾಲು ತೊಳೆದೇ ಹೊರಗೆ ತರುತ್ತಿದ್ದಳು. ಹೊಂಗೆಮರದ ಮಣ್ಣಿನ ಮೇಲೆ ಯಾಕೆ ವಾಸಿಯಾಗುತ್ತಿತ್ತು, ಮನೆಗೆ ಹೋದರೆ ಯಾಕೆ ಹಾಳಾಗುತ್ತಿತ್ತು, ಕಣ್ಣಲ್ಲಿ ಯಾಕೆ ನೀರು, ಮೊಳೆ ಯಾಕೆ ನಿಲ್ಲುತ್ತಿರಲಿಲ್ಲ, ಎಲ್ಲಕ್ಕೂ ಉತ್ತರ ಆ ನೆಲದ ಮೇಲಿತ್ತು. ಆದರೆ ಹೇಗೆ ಹೇಳುವುದು? ಎದುರಿಗೆ ಆ ಹೆಂಗಸು ಕೈ ಕಟ್ಟಿಕೊಂಡು ನಿಂತಿದ್ದಾಳೆ, ಪ್ರೀತಿಯಿಂದ ಮಾಡಿದ್ದನ್ನು ಹೇಳಿಕೊಂಡಿದ್ದಾಳೆ.

"ಸಾಕಮ್ಮ, ಇವತ್ತು ಸೂಜಿ ಬೇಡ" ಎಂದೆ. "ಮುನ್ನಿ ಉಳಿಯಬಹುದು. ಆದರೆ ನಿಮಗೊಂದು ಮಾತು ಹೇಳಬೇಕು, ಕೂತುಕೊಳ್ಳಿ."

ಕೂರಲಿಲ್ಲ. ನನ್ನ ಮುಖ ನೋಡಿದಳು, ನೆಲ ನೋಡಿದಳು, ಮುನ್ನಿಯ ಕಾಲು ನೋಡಿದಳು. ಹೇಳಬೇಕಾಗಿಯೇ ಬರಲಿಲ್ಲ. ಅಲ್ಲೇ ಕುಕ್ಕರಿಸಿ ಎರಡೂ ಕೈಯಿಂದ ಆ ಪುಡಿಯನ್ನು ಬಾಚತೊಡಗಿದಳು. ಅಂಗೈ ಉರಿದರೂ ಬಿಡಲಿಲ್ಲ. "ನಾನೇ ಸುಟ್ನಾ? ನನ್ ಕೈಯಾರೆ ಸುಟ್ನಾ?" ಎನ್ನುತ್ತ ಬಾಚುತ್ತಲೇ ಇದ್ದಳು. ನಾನು ಕೈ ಹಿಡಿದು ಎಳೆದೆ. ಬೋರಯ್ಯ ಬಿಂದಿಗೆ ತಂದು ನೀರು ಸುರಿಯಲು ಹೋದ. "ನೀರು ಹಾಕಬೇಡ್ರೀ, ಇನ್ನೂ ಸುಡುತ್ತೆ, ಒಣ ಪುಡೀನ ಮೊದಲು ಕೆರೆದು ತೆಗೀರಿ" ಎಂದು ಕಿರುಚಿದೆ. ಅವನು ಬಿಂದಿಗೆ ಕೆಳಗಿಟ್ಟು ಹೆಂಡತಿಯ ಪಕ್ಕದಲ್ಲಿ ಕೂತ. ಬೈಯುತ್ತಾನೆ ಎಂದುಕೊಂಡೆ. ಬೈದರೆ ಎರಡು ಮಾತು ಅನ್ನೋಣವೆಂದು ಸಿದ್ಧವಾಗಿಯೂ ನಿಂತಿದ್ದೆ.

"ಅಳಬ್ಯಾಡ ಕಣೆ" ಎಂದ. "ಮೂಟೆ ಹೊತ್ಕಂಡ್ ಬಂದೋನು ನಾನಲ್ವಾ. ಇಬ್ರೂ ಸೇರೇ ಮಾಡಿರೋದು."

ಅವತ್ತೇ ಮುನ್ನಿಯನ್ನು ಬೇವಿನ ಮರದ ಕೆಳಗೆ ತಂದು ಕಟ್ಟಿದೆವು. ಕಾಲನ್ನು ಬೇಕಾದಷ್ಟು ನೀರಿನಲ್ಲಿ ತೊಳೆದು, ಸುಲಿದ ಕಡೆ ಮುಲಾಮು ಹಚ್ಚಿದೆ. ಆಮೇಲಿನದು ತಾಳ್ಮೆಯ ಕೆಲಸ. ಗೊರಸು ನಮ್ಮ ಉಗುರಿನಂತೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ಸುಟ್ಟ ಭಾಗಕ್ಕೆ ಯಾವ ಔಷಧಿಯೂ ಇಲ್ಲ, ಅದು ಕೆಳಗಿಳಿದು ಸವೆದು ಹೋಗಬೇಕು. ಕೆಲವು ವಾರ ಕಳೆದ ಮೇಲೆ ಕೂದಲಿನ ಅಂಚಿನಲ್ಲಿ ನುಣ್ಣನೆಯ ಹೊಸ ಗೊರಸು ಇಣುಕಿತು. ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಗೆರೆ. ಸಾಕಮ್ಮ ದಿನವೂ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಬಾಷಾ ಸಾಬರು ಸ್ವಲ್ಪ ಸ್ವಲ್ಪವೇ ಅಂಚು ಉಜ್ಜುತ್ತಿದ್ದರು. ಮೊದಲು ಮಣ್ಣಿನ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತೋಟದ ಬದುವಿನವರೆಗೆ, ಬೂಟು ಹಾಕಿಕೊಂಡು ರಸ್ತೆಯ ಪಕ್ಕದ ಮೆದು ನೆಲದಲ್ಲಿ. ಹುರುಳಿ ಕಡಿಮೆ ಮಾಡಿಸಿದೆ. ದುಡಿಯದ ಕುದುರೆಗೆ ಮುದ್ದಿನಿಂದ ಹೊಟ್ಟೆ ತುಂಬ ಹುರುಳಿ ಹಾಕಿದರೆ ಅದೂ ಕಾಲಿಗೇ ಇಳಿಯುತ್ತದೆ, ಇದನ್ನೂ ನೆನಪಿಡಿ. ಊರಿನ ಗೂಡು ಆಟೋದಲ್ಲೇ ಹೋಗುತ್ತಿತ್ತು. ಹೋಗಲಿ ಬಿಡಿ ಎಂದ ಬೋರಯ್ಯ. ಮುನ್ನಿ ತೋಟದ ಸೊಪ್ಪು ಹೊತ್ತರೆ ಸಾಕು ಎಂದ.

ಅಷ್ಟರಲ್ಲಿ ಮಳೆ ಹಿಡಿಯಿತು. ಬೇವಿನ ಮರದ ಕೆಳಗೆಲ್ಲ ಕೆಸರು. ಒಣಗಿ ಸೀಳಿದ್ದ ಗೊರಸು ಈಗ ನೀರಿನಲ್ಲಿ ನೆನೆದು ಮೆತ್ತಗಾಗಿ, ಮುನ್ನಿ ಮತ್ತೆ ಕಾಲು ಎತ್ತಿ ಎತ್ತಿ ಇಡತೊಡಗಿತು. ಇನ್ನು ಸೂರಿನ ಕೆಳಗೆ ಕಟ್ಟದೆ ಗತ್ಯಂತರವಿಲ್ಲ ಎಂದೆ. ಗಂಡ ಹೆಂಡತಿ ಲಾಯದ ನೆಲವನ್ನು ಮೊಣಕಾಲುದ್ದ ಅಗೆದು, ಹಳೆಯ ಮಣ್ಣನ್ನೆಲ್ಲ ಹೊರಗೆ ಹಾಕಿ, ಕೆಮ್ಮಣ್ಣು ತುಂಬಿ, ಮೇಲೆ ಮರಳು ಹಾಸಿದ್ದರು. ಹುಳದ ಮನೆಗೂ ಲಾಯಕ್ಕೂ ನಡುವೆ ಮಣ್ಣಿನ ಗೋಡೆ ಎಬ್ಬಿಸಿ, ಲಾಯಕ್ಕೆ ಹೊರಗಿನಿಂದಲೇ ಬೇರೆ ಬಾಗಿಲನ್ನು ಇಟ್ಟಿದ್ದರು. ಮುನ್ನಿಯನ್ನು ಒಳಗೆ ಸೇರಿಸುವ ದಿನ ನಾನೂ ಬಾಷಾ ಸಾಬರೂ ಹೋದೆವು.

ಆ ಹೊಸ ಬಾಗಿಲವರೆಗೆ ಮುನ್ನಿ ಸುಮ್ಮನೆ ಬಂತು. ಅಲ್ಲಿ ನಿಂತುಬಿಟ್ಟಿತು. ಬೋರಯ್ಯ ಹಗ್ಗ ಹಿಡಿದು ಎಳೆದ, ಕತ್ತು ಹಿಂದಕ್ಕೆ ಬಾಗಿಸಿತು. ಬಾಷಾ ಸಾಬರು ಹಿಂದಿನಿಂದ ತಳ್ಳಿದರು. ಮೈ ಪೂರ್ತಿ ನಡುಗುತ್ತಿತ್ತು, ಕಾಲು ಮಾತ್ರ ಎತ್ತಲಿಲ್ಲ. ಮಳೆ ಜೋರಾಯಿತು. "ಕಣ್ಣಿಗೆ ಬಟ್ಟೆ ಕಟ್ಟಿ ನುಗ್ಗಿಸೋಣವಾ?" ಎಂದರು ಬಾಷಾ ಸಾಬರು.

"ಬ್ಯಾಡಿ" ಎಂದಳು ಸಾಕಮ್ಮ. "ಎಳೀಬ್ಯಾಡಿ. ಎಲ್ರೂ ಈಚೆ ಬನ್ನಿ."

ಗಂಡನ ಕೈಯಿಂದ ಹಗ್ಗ ಇಸಿದುಕೊಂಡು ಮುನ್ನಿಯ ಕತ್ತಿನ ಮೇಲೆ ಹಾಕಿದಳು. ತಾನು ಒಳಗೆ ಹೋಗಿ ಮರಳಿನ ಮೇಲೆ ಕೂತು, ಬರಿಗಾಲು ಎರಡನ್ನೂ ಮುಂದಕ್ಕೆ ಚಾಚಿದಳು. ನಾವು ಮೂವರೂ ಸೂರಿನ ಅಂಚಿನಲ್ಲಿ ನೆನೆಯುತ್ತ ನಿಂತೆವು.

"ದಿನಾ ಬೆಳಗ್ಗೆ ಸಂಜೆ ಎಳ್ಕಂಡ್ ಬಂದು ಇದ್ರೊಳಗೆ ಕಟ್ತಿದ್ನಲ್ಲವ್ವ" ಎಂದಳು ಮುನ್ನಿಗೆ. "ಬರಾಕಿಲ್ಲ ಬರಾಕಿಲ್ಲ ಅಂತ ನೀ ಹೇಳ್ತಾನೇ ಇದ್ದೆ. ಕಾಲು ನೋವಿಗೆ ಹಟ ಮಾಡ್ತೀಯ ಅನ್ಕಂಡೆ. ನಂಗೆ ತಿಳೀನಿಲ್ಲ ಕಣವ್ವ. ಇವತ್ತು ಎಳ್ಯಾಕಿಲ್ಲ. ನೋಡು, ನಂಗೇನೂ ಆಗ್ನಿಲ್ಲ. ಇಷ್ಟ ಇದ್ರೆ ಬಾ, ಇಲ್ದಿದ್ರೆ ಬ್ಯಾಡ."

ಮುನ್ನಿ ಮಳೆಯಲ್ಲೇ ನಿಂತಿತ್ತು. ಸಾಕಮ್ಮ ಮತ್ತೆ ಕರೆಯಲಿಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನನ್ನ ಸೀರೆ ನೆನೆದು ಮೈಗೆ ಅಂಟಿತ್ತು. ಆಮೇಲೆ ಅದು ತಲೆ ತಗ್ಗಿಸಿ ಒಳಗಿನ ಮರಳನ್ನು ಮೂಸಿತು. ಒಂದು ಮುಂಗಾಲನ್ನು ಒಳಗಿಟ್ಟು, ತಕ್ಷಣ ಹಿಂದಕ್ಕೆ ತೆಗೆದುಕೊಂಡಿತು. ಮತ್ತೆ ಇಟ್ಟಿತು. ಹಾಗೆಯೇ ನಿಂತಿತು. ಆಮೇಲೆ ಇನ್ನೊಂದು ಕಾಲು, ಆಮೇಲೆ ಹಿಂಗಾಲುಗಳು. ಸಾಕಮ್ಮನ ಚಾಚಿದ ಕಾಲುಗಳ ಪಕ್ಕದಲ್ಲಿ ನಾಲ್ಕೂ ಗೊರಸನ್ನು ಊರಿ ನಿಂತು ಮೈಯನ್ನು ಜಾಡಿಸಿತು. ಸಾಕಮ್ಮ ಅದರ ಗೊರಸಿನ ಮೇಲೆ ಹಣೆ ಇಟ್ಟು ಅಳುತ್ತಿದ್ದಳು.

ಬೋರಯ್ಯ ಒಳಗೆ ಹೋಗಿ ಹಗ್ಗವನ್ನು ಗೂಟಕ್ಕೆ ಸುತ್ತಲು ನೋಡಿದ.

"ಕಟ್ಬ್ಯಾಡಿ" ಎಂದಳು ಸಾಕಮ್ಮ, ತಲೆ ಎತ್ತದೆ. "ಬಾಗ್ಲೂ ತೆಗ್ದೇ ಇರ್ಲಿ. ಹೋಗ್ಬೇಕು ಅನ್ನಿಸಿದ್ರೆ ಹೋಗ್ಲಿ."

ಮುನ್ನಿ ಹೋಗಲಿಲ್ಲ.